ರೆಸಿಡೆಂಟ್ ಈವಿಲ್ 2 ರೀಮೇಕ್: ಭಯ ಉಳಿಯಿತು, ಎರಡನೇ ಕಥೆ ಎಲ್ಲಿ ಹೋಯಿತು?

ಎರಡನೇಡಿಸ್ಕ್

ಜೋಂಬಿಗಳ ಹಾರರ್ ವಿಡಿಯೋ ಗೇಮ್ ರೆಸಿಡೆಂಟ್ ಈವಿಲ್ 2ರ 2019ರ ರೀಮೇಕ್ ಬಗ್ಗೆ ಮಾತು ಬಂದಾಗಲೆಲ್ಲ ಜಗಳ ಕ್ಯಾಮೆರಾದಿಂದಲೇ ಶುರುವಾಗುತ್ತದೆ. ಒಂದೇ ಕಡೆ ನಿಂತು ತೋರಿಸುವ ಸ್ಥಿರ ಕ್ಯಾಮೆರಾ ಹೋಯಿತು, ಪಾತ್ರದ ಹೆಗಲ ಹಿಂದೆಯೇ ಬರುವ ಕ್ಯಾಮೆರಾ ಬಂತು, ಅಲ್ಲಿಗೆ ಹಾರರ್ ಮುಗಿಯಿತು ಅಂತ ಒಂದು ಗುಂಪು. ಹಳೆಯದನ್ನು ಈಗ ಆಡೋಕೇ ಆಗಲ್ಲ ಅಂತ ಇನ್ನೊಂದು ಗುಂಪು. ನನಗೆ ಎರಡೂ ಒಪ್ಪಿಗೆಯಿಲ್ಲ. ಕ್ಯಾಮೆರಾ ಬದಲಾದರೂ ಭಯ ಉಳಿದಿದೆ. ಕಳೆದುಹೋಗಿರುವುದು ಬೇರೆ, ಅದರ ಬಗ್ಗೆ ಮಾತಾಡುವವರು ಕಡಿಮೆ.

ಸ್ವಲ್ಪ ಹಿಂದಿನಿಂದ ಶುರು ಮಾಡುತ್ತೇನೆ. ಮೂಲ ಗೇಮ್ ಪ್ಲೇಸ್ಟೇಷನ್‌ಗೆ ಬಂದಿದ್ದು 1998ರ ಜನವರಿಯಲ್ಲಿ. ಹಿದೇಕಿ ಕಾಮಿಯಾ ನಿರ್ದೇಶಕ, ಶಿಂಜಿ ಮಿಕಾಮಿ ನಿರ್ಮಾಪಕ. ಅದಕ್ಕೂ ಮುಂಚೆ ಅರ್ಧಕ್ಕಿಂತ ಜಾಸ್ತಿ ಮುಗಿದಿದ್ದ ಒಂದು ಆವೃತ್ತಿಯನ್ನು ಚೆನ್ನಾಗಿ ಬಂದಿಲ್ಲ ಅಂತ ಪೂರ್ತಿ ಬಿಸಾಕಿ ಮತ್ತೆ ಮಾಡಿದ್ದರು. ಅಭಿಮಾನಿಗಳು 1.5 ಅಂತ ಕರೆಯುವುದು ಅದನ್ನೇ. ಅದರಲ್ಲಿ ಈಗಿನ ನಾಯಕಿ ಕ್ಲೇರ್ ಇರಲಿಲ್ಲ, ಎಲ್ಜಾ ವಾಕರ್ ಅಂತ ಒಬ್ಬ ಬೈಕ್ ರೇಸರ್ ಇದ್ದಳು. ಕೈಗೆ ಬಂದ ಗೇಮನ್ನು ಬಿಟ್ಟುಕೊಟ್ಟು ಮತ್ತೆ ಮೊದಲಿನಿಂದ ಕಟ್ಟುವ ಧೈರ್ಯ ಎಷ್ಟು ಸ್ಟುಡಿಯೋಗಳಿಗಿದೆ ಹೇಳಿ.

ಈಗ ವಿಷಯಕ್ಕೆ ಬರೋಣ. ಹಾರರ್ ಗೇಮಿನ ರೀಮೇಕ್‌ಗೆ ಒಂದು ದೊಡ್ಡ ತೊಂದರೆ ಇದೆ. ಹಳೆಯ ಆಟಗಾರನಿಗೆ ಎಲ್ಲಿ ಏನು ಬರುತ್ತದೆ ಅಂತ ಮೊದಲೇ ಗೊತ್ತು. ಗೊತ್ತಿದ್ದವನನ್ನು ಹೆದರಿಸುವುದು ಹೇಗೆ? ಇದಕ್ಕೆ ಮಿಕಾಮಿಯವರೇ 2002ರಲ್ಲಿ ದಾರಿ ತೋರಿಸಿದ್ದರು. 1996ರ ಮೊದಲ ರೆಸಿಡೆಂಟ್ ಈವಿಲ್‌ನಲ್ಲಿ ಬಂಗಲೆಯ ಕಾರಿಡಾರಿನಲ್ಲಿ ನಡೆಯುವಾಗ ಕಿಟಕಿ ಒಡೆದುಕೊಂಡು ನಾಯಿ ಹಾರುತ್ತದಲ್ಲ, ಅದು ಆಡಿದವರೆಲ್ಲರ ನೆನಪಿನಲ್ಲಿದೆ. ಗೇಮ್‌ಕ್ಯೂಬ್ ರೀಮೇಕ್‌ನಲ್ಲಿ ಅದೇ ಕಾರಿಡಾರ್, ಅದೇ ಕಿಟಕಿ. ಪಿಸ್ತೂಲು ಎತ್ತಿಕೊಂಡು ಹೋಗುತ್ತೀರಿ. ಗಾಜು ಚಟ್ ಅಂತ ಬಿರುಕು ಬಿಡುತ್ತದೆ, ಅಷ್ಟೇ. ನಾಯಿ ಬರುವುದಿಲ್ಲ. ಆಮೇಲೆ ಯಾವಾಗಲೋ ಅದೇ ದಾರಿಯಲ್ಲಿ ವಾಪಸ್ ಬರುವಾಗ, ನೀವು ಮರೆತಿರುವಾಗ ಬರುತ್ತದೆ. ಸತ್ತ ಜೋಂಬಿಗಳೂ ಹಾಗೆಯೇ. ಸೀಮೆಎಣ್ಣೆ ಸುರಿದು ಸುಡದಿದ್ದರೆ, ಇಲ್ಲವೇ ತಲೆ ಹಾರಿಸದಿದ್ದರೆ, ಕೆಂಪು ತಲೆಯ ಕ್ರಿಮ್ಸನ್ ಹೆಡ್ ಆಗಿ ಎದ್ದು ಓಡಿ ಬರುತ್ತವೆ. ಹಳೆಯ ಗೇಮ್ ಕಲಿಸಿದ್ದ "ಕೊಂದರೆ ದಾರಿ ಸಲೀಸು" ಅನ್ನುವ ಪಾಠವನ್ನೇ ಹೊಸ ಗೇಮ್ ಸುಳ್ಳು ಮಾಡಿತು. ನಿಮ್ಮ ನೆನಪನ್ನೇ ನಿಮ್ಮ ಮೇಲೆ ತಿರುಗಿಸುವುದು, ಒಳ್ಳೆಯ ಹಾರರ್ ರೀಮೇಕ್ ಅಂದರೆ ನನ್ನ ಪಾಲಿಗೆ ಇದು.

2019ರ ರೀಮೇಕ್ ಈ ಕೆಲಸವನ್ನು ಅರ್ಧ ತುಂಬಾ ಚೆನ್ನಾಗಿ ಮಾಡಿದೆ. ಹಳೆಯದರಲ್ಲಿ ಜೋಂಬಿಗಳು ಬಾಗಿಲು ದಾಟಿ ಹಿಂದೆ ಬರುತ್ತಿರಲಿಲ್ಲ, ಇಲ್ಲಿ ಬಾಗಿಲು ತಳ್ಳಿಕೊಂಡು ಬರುತ್ತವೆ. ಹಳೆಯದರಲ್ಲಿ ಬೆನ್ನಟ್ಟುವ ದೈತ್ಯ ಮಿಸ್ಟರ್ ಎಕ್ಸ್ ಎರಡನೇ ಕಥೆಯಲ್ಲಿ ಮಾತ್ರ, ನಿಗದಿಯಾದ ಜಾಗಗಳಲ್ಲಿ ಗೋಡೆ ಒಡೆದು ಬರುತ್ತಿದ್ದ. ಇಲ್ಲಿ ಕಥೆ ನಡೆಯುವ ಪೊಲೀಸ್ ಠಾಣೆಯ ಕಾರಿಡಾರಿನಲ್ಲಿ ಬಿದ್ದ ಹೆಲಿಕಾಪ್ಟರನ್ನು ಒಂದು ಕೈಯಿಂದ ಎತ್ತಿ ಪಕ್ಕಕ್ಕಿಟ್ಟು ಬರುತ್ತಾನೆ, ಅಲ್ಲಿಂದ ಠಾಣೆಯೆಲ್ಲ ಅವನದ್ದೇ. ನೀವು ಗುಂಡು ಹಾರಿಸಿದರೆ ಸದ್ದು ಕೇಳಿ ಆ ಕಡೆ ಬರುತ್ತಾನೆ. ಮುಖ್ಯ ಹಾಲ್‌ನಲ್ಲಿ ಆಟ ಸೇವ್ ಮಾಡುವ ಟೈಪ್‌ರೈಟರ್ ಇದೆ, ಹಾಗಾಗಿ ಸೇಫ್ ಅಂದುಕೊಂಡರೆ ಅಲ್ಲಿಗೂ ಬರುತ್ತಾನೆ.

ಉಳಿದ ಅರ್ಧವೇ ನನ್ನ ದೂರು. ಮೂಲ ಗೇಮ್ ಎರಡು ಡಿಸ್ಕಿನಲ್ಲಿ ಬಂದಿತ್ತು, ಒಂದು ನಾಯಕ ಲಿಯಾನ್‌ನದು, ಒಂದು ಕ್ಲೇರ್‌ಳದು. ಒಬ್ಬರ ಕಥೆ ಮುಗಿಸಿ ಇನ್ನೊಬ್ಬರದ್ದು ಶುರು ಮಾಡಿದರೆ, ಮೊದಲನೆಯವರು ಮಾಡಿದ್ದರ ಫಲ ಎರಡನೆಯವರಿಗೆ ಸಿಗುತ್ತಿತ್ತು. ಇದಕ್ಕೆ ಝ್ಯಾಪಿಂಗ್ ಅಂತ ಹೆಸರಿಟ್ಟಿದ್ದರು. ರೀಮೇಕ್‌ನಲ್ಲಿ ಅದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಎರಡನೇ ಆಟದಲ್ಲೂ ಸಿಂಹ, ಯೂನಿಕಾರ್ನ್, ಕನ್ಯೆಯ ಅದೇ ಮೂರು ಪದಕ ಹುಡುಕಬೇಕು, ಸಂಕೇತ ಮಾತ್ರ ಬೇರೆ. ಇಬ್ಬರೂ ಠಾಣೆಯ ಕೆಳಗೆ, ರಾಕ್ಷಸನಾಗಿ ಬದಲಾದ ವಿಜ್ಞಾನಿ, ಅದೇ ಬರ್ಕಿನ್ ಜೊತೆ ಅದೇ ಜಾಗದಲ್ಲಿ ಹೊಡೆದಾಡುತ್ತಾರೆ. ಹಾಗಾದರೆ ನಿಜವಾಗಿ ಹೊಡೆದಾಡಿದ್ದು ಯಾರು? ಒಂದೇ ರಾತ್ರಿ, ಒಂದೇ ಕಟ್ಟಡ, ಇಬ್ಬರು. ಅವರ ಹೆಜ್ಜೆಗಳು ಒಂದಕ್ಕೊಂದು ತಾಗುವುದೇ ಇಲ್ಲ.

ಇಂಕ್‌ರಿಬ್ಬನ್

ಮಿಸ್ಟರ್ ಎಕ್ಸ್ ಬಗ್ಗೆ ಹೇಳಿದ್ದು ನೂರಕ್ಕೆ ನೂರು ಸರಿ. ಒಂದು ಮಾತು ಸೇರಿಸುತ್ತೇನೆ. ಅವನ ಭಯ ಇರುವುದು ನೋಟದಲ್ಲಿ ಅಲ್ಲವೇ ಅಲ್ಲ, ಪೂರ್ತಿ ಸದ್ದಿನಲ್ಲಿದೆ. ಹೆಡ್‌ಫೋನ್ ಹಾಕಿಕೊಂಡು ಆಡಿದವರಿಗೆ ಗೊತ್ತು. ಮೊದಲು ಮೇಲಿನ ಮಹಡಿಯಲ್ಲಿ ದಪ್ ದಪ್ ಅಂತ ಹೆಜ್ಜೆ. ನೀವು ಲೈಬ್ರರಿಯಲ್ಲಿ ಕಪಾಟು ತಳ್ಳುತ್ತಿರುತ್ತೀರಿ. ಹೆಜ್ಜೆ ದೂರ ಹೋಯಿತು ಅನ್ನಿಸುತ್ತದೆ. ಆಮೇಲೆ ಎಲ್ಲೋ ಬಾಗಿಲು ತೆರೆದ ಸದ್ದು. ಅದು ಯಾವ ಬಾಗಿಲು ಅಂತ ತಲೆಯಲ್ಲಿ ನಕ್ಷೆ ಬಿಡಿಸಿ ಲೆಕ್ಕ ಹಾಕುವಷ್ಟರಲ್ಲಿ ಸಂಗೀತ ಶುರುವಾಗುತ್ತದೆ, ಅಂದರೆ ಅವನು ಕೋಣೆಗೆ ಬಂದಾಯಿತು. ಈ ಲೆಕ್ಕ ಹಾಕುವ ಕೆಲವು ಸೆಕೆಂಡು ಇದೆಯಲ್ಲ, ಅದಕ್ಕಿಂತ ಭಯದ ಜಾಗ ಇಡೀ ಗೇಮಿನಲ್ಲಿ ಇನ್ನೊಂದಿಲ್ಲ.

ಇದರ ಜೊತೆ ಲಿಕ್ಕರ್ ಅನ್ನುವ ತೆವಳುವ ಪ್ರಾಣಿಗಳನ್ನು ಸೇರಿಸಿ ನೋಡಿ. ಅವಕ್ಕೆ ಕಣ್ಣಿಲ್ಲ, ಸದ್ದು ಮಾತ್ರ ಗೊತ್ತು. ನಿಧಾನಕ್ಕೆ ನಡೆದರೆ ಪಕ್ಕದಲ್ಲೇ ದಾಟಿ ಹೋಗಬಹುದು. ಆದರೆ ಹಿಂದೆ ಮಿಸ್ಟರ್ ಎಕ್ಸ್ ಇದ್ದಾಗ ನಿಧಾನಕ್ಕೆ ನಡೆಯುವುದು ಹೇಗೆ? ಒಂದು ಶತ್ರುವಿಗೆ ಓಡಬೇಕು, ಇನ್ನೊಂದಕ್ಕೆ ಓಡಬಾರದು. ಎರಡನ್ನೂ ಒಂದೇ ಕಾರಿಡಾರಿನಲ್ಲಿ ಇಟ್ಟವರ ತಲೆಗೆ ನಮಸ್ಕಾರ.

ಹಾರ್ಡ್‌ಕೋರ್ ಅನ್ನುವ ಕಠಿಣ ಹಂತದಲ್ಲಿ ಆಡಿಲ್ಲದವರು ದಯವಿಟ್ಟು ಒಮ್ಮೆ ಆಡಿ. ಅಲ್ಲಿ ಆಟೋಸೇವ್ ಇಲ್ಲ, ಸೇವ್ ಮಾಡಲು ಇಂಕ್ ರಿಬ್ಬನ್ ಬೇಕು. ರಿಬ್ಬನ್‌ಗೆ ಇನ್ವೆಂಟರಿಯಲ್ಲಿ, ಅಂದರೆ ಪಾತ್ರ ಹೊರುವ ಸಾಮಾನಿನ ಚೀಲದಲ್ಲಿ, ಜಾಗವೂ ಬೇಕು. ಶುರುವಿನಲ್ಲಿ ಇರುವುದೇ 8 ಜಾಗ. ಗುಂಡು ಹಿಡಿಯಬೇಕೋ, ಗಾಯಕ್ಕೆ ಬೇಕಾದ ಗಿಡ ಹಿಡಿಯಬೇಕೋ, ಕಿಟಕಿಗೆ ಬಡಿಯಲು ಹಲಗೆ ಹಿಡಿಯಬೇಕೋ ಅನ್ನುವ ತಲೆನೋವಿದೆಯಲ್ಲ, ಆ ಗೇಮ್ ಅದೇ.

ಸ್ಥಿರಕೋನ

ನಾನು ನೀವು ಹೇಳಿದ ಮೊದಲ ಗುಂಪಿನವನು. ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನಮ್ಮನ್ನು ಸುಮ್ನೆ ಹಳೆಯ ಕಾಲದವರು ಅಂತ ಬದಿಗೆ ತಳ್ಳಿಬಿಡುತ್ತಾರೆ.

1998ರದ್ದರಲ್ಲಿ ಮೊದಲ ಲಿಕ್ಕರ್ ಬರುವ ಮುಂಚಿನ ಕ್ಷಣ ನೆನಪಿದೆಯಾ? ಕಾರಿಡಾರಿನಲ್ಲಿ ನಡೆಯುತ್ತೀರಿ, ಕಿಟಕಿಯ ಆಚೆ ಏನೋ ಸರ್ರನೆ ಹರಿದು ಹೋಗುತ್ತದೆ. ಅದು ಏನು ಅಂತ ನೋಡಲು ತಿರುಗಲು ಆಗುವುದಿಲ್ಲ. ಕ್ಯಾಮೆರಾ ನಿಮ್ಮ ಕೈಯಲ್ಲಿಲ್ಲ. ಎಲ್ಲಿ ನಿಂತು ನೋಡಬೇಕು ಅಂತ ಗೇಮ್ ತೀರ್ಮಾನಿಸಿದೆ, ನೀವು ಅದಕ್ಕೆ ಶರಣಾಗಬೇಕು. ಮೂಲೆ ತಿರುಗಿದರೆ ನರಳುವ ಸದ್ದು ಕೇಳುತ್ತದೆ, ಆದರೆ ಕ್ಯಾಮೆರಾ ನಿಮ್ಮ ಮುಖದ ಕಡೆ ಇದೆ. ಎದುರಿಗೆ ಏನಿದೆ ಅಂತ ನಿಮ್ಮ ಪಾತ್ರಕ್ಕೆ ಕಾಣುತ್ತದೆ, ನಿಮಗೆ ಕಾಣುವುದಿಲ್ಲ. ಹೀಗೆ ಹೆದರಿಸುವುದು ಬೇರೆ ಯಾವ ಕಲೆಗೂ ಸಾಧ್ಯವಿರಲಿಲ್ಲ.

ಆ ಬ್ಯಾಕ್‌ಗ್ರೌಂಡ್‌ಗಳನ್ನು ಮೊದಲೇ ಬಿಡಿಸಿ ಇಟ್ಟಿದ್ದು ಯಂತ್ರದ ಶಕ್ತಿ ಸಾಲದೆ ಅಂತ ಎಲ್ಲರಿಗೂ ಗೊತ್ತು. ಬಾಗಿಲು ತೆರೆಯುವ ಆ ಕಪ್ಪು ದೃಶ್ಯ ಲೋಡಿಂಗ್ ಮುಚ್ಚಲು ಇಟ್ಟಿದ್ದು. ಆದರೆ ಕೊರತೆಯಿಂದ ಹುಟ್ಟಿದ್ದು ಅಂದ ಮಾತ್ರಕ್ಕೆ ಅದು ಬಿಸಾಕುವಂಥದ್ದು ಅಂತ ಅಲ್ಲ. ಸೈಲೆಂಟ್ ಹಿಲ್‌ನ ಮಂಜು ಕೂಡ ಪ್ಲೇಸ್ಟೇಷನ್ ದೂರದ ಬೀದಿ ತೋರಿಸಲಾರದೆ ಬಂದಿದ್ದು. ಅದನ್ನು ಯಾರೂ ತೆಗೆದು ಹಾಕಿ ಅನ್ನುವುದಿಲ್ಲ. ಮಂಜಿಗೆ ಒಂದು ನ್ಯಾಯ, ಕ್ಯಾಮೆರಾಕ್ಕೆ ಒಂದು ನ್ಯಾಯ ಯಾಕೆ? 2002ರ ರೀಮೇಕ್ ಸ್ಥಿರ ಕ್ಯಾಮೆರಾ ಇಟ್ಟುಕೊಂಡೇ ಎಲ್ಲ ಹೊಸದು ಮಾಡಿತು. ಆಗುವುದಿಲ್ಲ ಅನ್ನುವವರು ಅದನ್ನು ನೋಡಲಿ.

ಎರಡನೇಡಿಸ್ಕ್

@ಸ್ಥಿರಕೋನ, ಮಂಜಿನ ಮಾತು ಬಹಳ ಇಷ್ಟವಾಯಿತು. ಸ್ಥಿರ ಕ್ಯಾಮೆರಾ ಕಲೆಯೇ, ಅದರಲ್ಲಿ ಎರಡು ಮಾತಿಲ್ಲ. ನಾನು ಹೇಳುವುದು ಇಷ್ಟು: ಅದು ಮಾಡುತ್ತಿದ್ದ ಕೆಲಸಕ್ಕೆ ರೀಮೇಕ್ ಬೇರೆಯವರನ್ನು ನೇಮಿಸಿದೆ. ನೋಟವನ್ನು ಕಿತ್ತುಕೊಳ್ಳುವ ಕೆಲಸವನ್ನು ಈಗ ಕತ್ತಲೆ ಮಾಡುತ್ತದೆ. ಠಾಣೆಯ ಕಾರಿಡಾರಿಗೆ ಕಾಲಿಡಿ. ಟಾರ್ಚಿನ ಬೆಳಕು ಬೀಳುವಷ್ಟು ಜಾಗ ಮಾತ್ರ ನಿಮ್ಮದು, ಉಳಿದದ್ದೆಲ್ಲ ಕಪ್ಪು. ಗೋಡೆಗೆ ಒರಗಿದ ಪೊಲೀಸಿನವನ ಮುಖದ ಮೇಲೆ ಬೆಳಕು ಬಿದ್ದಾಗ ಅವನ ದವಡೆ ಎಲ್ಲಿದೆ ಅಂತ ಹುಡುಕುತ್ತೀರಿ. ಕ್ಯಾಮೆರಾ ನಿಮ್ಮ ಕೈಯಲ್ಲೇ ಇದೆ, ಆದರೂ ಅದನ್ನು ಆ ಕಡೆ ತಿರುಗಿಸಲು ಮನಸ್ಸು ಬರುವುದಿಲ್ಲ. ಅಲ್ಲಿ ನೋಡಲು ಬಿಡುತ್ತಿರಲಿಲ್ಲ, ಇಲ್ಲಿ ನೀವೇ ನೋಡಬೇಕು. ನನಗೆ ಎರಡನೆಯದೂ ಅಷ್ಟೇ ಕ್ರೂರ ಅನ್ನಿಸುತ್ತದೆ.

ಹಸಿರುಗಿಡ

ನಮಸ್ಕಾರ. ನಾನು ರೀಮೇಕ್ ಮಾತ್ರ ಆಡಿರುವವಳು. ಹಳೆಯದನ್ನು ನೋಡಿಯೂ ಇಲ್ಲ. ಲಿಯಾನ್‌ದು ಮುಗಿಸಿದಾಗ ಇನ್ನೂ ಒಂದು ಕಥೆ ಇದೆ ಅಂತ ಗೊತ್ತಾಗಿ ಖುಷಿಯಾಗಿತ್ತು. ಕ್ಲೇರ್‌ಳ ಎರಡನೇ ಆಟ ಶುರು ಮಾಡಿದೆ. ಮೊದಲ ಹತ್ತು ಹದಿನೈದು ನಿಮಿಷ ಚೆನ್ನಾಗಿತ್ತು, ಬೇರೆ ದಾರಿಯಿಂದ ಠಾಣೆಗೆ ಬರುತ್ತಾಳೆ. ಆಮೇಲೆ ಮತ್ತೆ ಅದೇ ಪ್ರತಿಮೆ, ಅದೇ ಪದಕ, ಒಳಚರಂಡಿಯಲ್ಲಿ ಅದೇ ಚೆಸ್ ಪ್ಲಗ್. ಅನಾಥಾಶ್ರಮದಲ್ಲಿ ಬರ್ಕಿನ್‌ನ ಪುಟ್ಟ ಮಗಳು ಶೆರ್ರಿಯಾಗಿ ಅಡಗಿಕೊಳ್ಳುವ ಭಾಗ ಬರುವವರೆಗೂ ನನಗೆ ಹೊಸದೇನೂ ಸಿಗಲಿಲ್ಲ. ಅದು ಮಾತ್ರ ಅದ್ಭುತ. ಆ ಪೊಲೀಸ್ ಮುಖ್ಯಾಧಿಕಾರಿ ಐರನ್ಸ್ ಯಾವ ಜೋಂಬಿಗಿಂತಲೂ ಭಯಂಕರ.

ಕೇಳಬೇಕಿದ್ದು: ಹಳೆಯದರಲ್ಲಿ ಮೊದಲ ಆಟದ ಫಲ ಎರಡನೆಯದಕ್ಕೆ ಅಂದರೆ ನಿಜಕ್ಕೂ ಏನು ಬದಲಾಗುತ್ತಿತ್ತು? ಕಥೆಯಾ, ವಸ್ತುಗಳಾ?

ಎರಡನೇಡಿಸ್ಕ್

@ಹಸಿರುಗಿಡ, ಒಳ್ಳೆಯ ಪ್ರಶ್ನೆ. ಬದಲಾಗುತ್ತಿದ್ದದ್ದು ಕೆಲವೇ ಸಂಗತಿಗಳು, ಆದರೆ ಸರಿಯಾದ ಜಾಗದಲ್ಲಿ.

ಠಾಣೆಯ ನೆಲಮಾಳಿಗೆಯಲ್ಲಿ ಆಯುಧದ ಕೋಣೆ. ಅಲ್ಲಿನ ಲಾಕರ್‌ನಲ್ಲಿ ಎರಡು ವಸ್ತು. ಒಂದು ಸಬ್‌ಮಷಿನ್ ಗನ್, ಇನ್ನೊಂದು ಸೈಡ್ ಪ್ಯಾಕ್. ಸೈಡ್ ಪ್ಯಾಕ್ ತೊಟ್ಟರೆ ಇನ್ವೆಂಟರಿಯಲ್ಲಿ 2 ಜಾಗ ಜಾಸ್ತಿ. ನೀವು ಎರಡನ್ನೂ ತೆಗೆದುಕೊಳ್ಳಬಹುದು, ಯಾರೂ ತಡೆಯುವುದಿಲ್ಲ. ಆದರೆ ಮುಂದಿನ ಆಟದಲ್ಲಿ ಇನ್ನೊಬ್ಬರಾಗಿ ಬಂದು ಲಾಕರ್ ತೆರೆದರೆ ಅದು ಖಾಲಿ. ಖಾಲಿ ಮಾಡಿದ್ದು ನೀವೇ. ಒಂದು ಬಿಟ್ಟು ಹೋಗಿದ್ದರೆ ಅದು ಅಲ್ಲೇ ಇರುತ್ತದೆ.

ಹಾಗೆಯೇ ಕೊನೆಯ ಲ್ಯಾಬ್‌ನಲ್ಲಿ ಬೆರಳಚ್ಚಿನ ಬಾಗಿಲು. ಮೊದಲ ಕಥೆಯಲ್ಲಿ ಬೆರಳಚ್ಚು ಕೊಟ್ಟರೆ ಬಾಗಿಲು ತೆರೆಯುವುದಿಲ್ಲ, ಇಬ್ಬರದ್ದು ಬೇಕು ಅನ್ನುತ್ತದೆ. ಅರ್ಥವೇ ಆಗುವುದಿಲ್ಲ, ಸುಮ್ಮನೆ ಮುಂದೆ ಹೋಗುತ್ತೀರಿ. ಎರಡನೇ ಕಥೆಯಲ್ಲಿ ಇನ್ನೊಬ್ಬರ ಬೆರಳಚ್ಚು ಕೊಟ್ಟಾಗ ತೆರೆಯುತ್ತದೆ. ಅವರಿಬ್ಬರೂ ನಿಜವಾಗಿ ಒಂದೇ ರಾತ್ರಿ ಒಂದೇ ಕಟ್ಟಡದಲ್ಲಿದ್ದಾರೆ ಅಂತ ಆಗ ಮೈಗೆ ತಾಗುತ್ತದೆ. ಕಥೆಯಲ್ಲಿ ಒಂದು ಸಾಲು ಮಾತಿಲ್ಲದೆ ಆ ಸಂಬಂಧ ಕಟ್ಟಿದ್ದಾರೆ. ಮೇಲಾಗಿ ಮೊದಲ ಕಥೆ ಪೂರ್ತಿ ಆಡಿ ಠಾಣೆ ಪರಿಚಯವಾಯಿತು ಅಂದುಕೊಂಡಾಗ ಎರಡನೆಯದರಲ್ಲಿ ಮಿಸ್ಟರ್ ಎಕ್ಸ್ ಬರುತ್ತಿದ್ದ. ಅಂದರೆ 1998ರ ಗೇಮ್ ತನ್ನೊಳಗೇ ತನ್ನ ರೀಮೇಕ್ ಇಟ್ಟುಕೊಂಡಿತ್ತು. ನೆನಪನ್ನು ನಿಮ್ಮ ಮೇಲೆ ತಿರುಗಿಸುವ ಕೆಲಸ ಅಲ್ಲೇ ನಡೆದಿತ್ತು.

ಇದಕ್ಕೇ ನನಗೆ ಇಷ್ಟು ಸಂಕಟ. ಮಿಸ್ಟರ್ ಎಕ್ಸ್‌ನನ್ನು ಮೊದಲ ಆಟಕ್ಕೇ ತಂದರು, ಸರಿ, ಅದರಿಂದ ಮೊದಲ ಆಟ ಅದ್ಭುತವಾಯಿತು. ಎರಡನೆಯದಕ್ಕೆ ಬದಲಿಯಾಗಿ ಏನಿಟ್ಟರು? ಅವನು ಇನ್ನೂ ಬೇಗ ಬರುತ್ತಾನೆ, ಅಷ್ಟೇ.

ಲೈವ್‌ಸೆಲೆಕ್ಷನ್

ನಿಮ್ಮ ನೋವು ಅರ್ಥವಾಗುತ್ತದೆ, ಆದರೆ ರೆಸಿಡೆಂಟ್ ಈವಿಲ್ 3ರ ರೀಮೇಕ್‌ನ ಅಭಿಮಾನಿಗಳ ನೋವಿನ ಮುಂದೆ ಇದು ಕಡಿಮೆಯೇ. 1999ರ ಮೂಲದಲ್ಲಿ ನೆಮೆಸಿಸ್ ಅನ್ನುವ ರಾಕ್ಷಸ ಬಾಗಿಲು ದಾಟಿ ಹಿಂದೆ ಬರುತ್ತಿದ್ದ, ಅದೇ ಆ ಗೇಮಿನ ಹೆಸರು. ಅವನು ಬಂದಾಗ ಓಡಬೇಕೋ ನಿಲ್ಲಬೇಕೋ ಅಂತ ಪರದೆಯ ಮೇಲೆ ಕೇಳಿ, ನಿಮ್ಮ ಉತ್ತರದ ಮೇಲೆ ದಾರಿ ಬದಲಾಗುತ್ತಿತ್ತು. 2020ರ ಏಪ್ರಿಲ್‌ನಲ್ಲಿ ಬಂದ ರೀಮೇಕ್‌ನಲ್ಲಿ ಆ ಆಯ್ಕೆ ಇಲ್ಲ. ಗಡಿಯಾರದ ಗೋಪುರದ ಒಳಗೆ ಹೋಗಿ ಆಡುವ ಭಾಗವೇ ಇಲ್ಲ, ಹೊರಗೆ ನಿಂತು ಬಾಸ್ (ಆ ಹಂತದ ದೊಡ್ಡ ಶತ್ರು) ಜೊತೆ ಹೊಡೆದಾಡಿ ಮುಂದೆ ಹೋಗುವುದು. ನೆಮೆಸಿಸ್ ಬರುವುದು ಬಹುಪಾಲು ಮೊದಲೇ ಬರೆದಿಟ್ಟ ಜಾಗಗಳಲ್ಲಿ.

ವಿಚಿತ್ರ ನೋಡಿ. ನೆಮೆಸಿಸ್ ಮಾಡಬೇಕಾದ ಕೆಲಸವನ್ನು ಒಂದು ವರ್ಷ ಮುಂಚೆ ಮಿಸ್ಟರ್ ಎಕ್ಸ್ ಮಾಡಿಬಿಟ್ಟಿದ್ದ, ಅದೂ ಚೆನ್ನಾಗಿ ಮಾಡಿದ್ದ. ಆಮೇಲೆ ನಿಜವಾದ ನೆಮೆಸಿಸ್ ಬಂದಾಗ ಅವನ ಕೈಯಲ್ಲಿ ಕೆಲಸವೇ ಉಳಿದಿರಲಿಲ್ಲ. ಗೇಮ್ ಕಟ್ಟುವ ತಂತ್ರಾಂಶ ಅದೇ ಆರ್‌ಇ ಎಂಜಿನ್, ಹೆಚ್ಚುಕಡಿಮೆ ಅದೇ ಕ್ಯಾಮೆರಾ. ಹಾಗಾಗಿ ಕ್ಯಾಮೆರಾ ವಾದ ನಿಲ್ಲುವುದಿಲ್ಲ ಅಂತ ನನಗೂ ಅನ್ನಿಸುತ್ತದೆ. ಒಂದೇ ಕ್ಯಾಮೆರಾದಲ್ಲಿ ಒಂದು ಭಯ ಹುಟ್ಟಿಸಿತು, ಇನ್ನೊಂದು ಹುಟ್ಟಿಸಲಿಲ್ಲ. ವ್ಯತ್ಯಾಸ ಇರುವುದು ಜಾಗದಲ್ಲಿ. ಠಾಣೆ ಅನ್ನುವುದು ಮತ್ತೆ ಮತ್ತೆ ತಿರುಗಾಡಿ ನಿಮ್ಮದಾಗುವ ಜಾಗ. 3ರಲ್ಲಿ ಬೀದಿ ಮುಗಿದ ಮೇಲೆ ನೇರ ದಾರಿ.

ಇಂಕ್‌ರಿಬ್ಬನ್

ಜಾಗದ ಮಾತು ಸರಿ. ಕಥೆಯ ಪ್ರಕಾರ ಆ ಠಾಣೆ ಮುಂಚೆ ಕಲಾ ಸಂಗ್ರಹಾಲಯವಾಗಿತ್ತು, ಪ್ರತಿಮೆಗಳಿಗೆ ಪದಕ ಸಿಕ್ಕಿಸುವ ಹುಚ್ಚಾಟಕ್ಕೆಲ್ಲ ಅದೇ ಕಾರಣ. ರೀಮೇಕ್‌ನ ನಕ್ಷೆಯಲ್ಲಿ ಒಂದು ಕೋಣೆಯ ವಸ್ತುವೆಲ್ಲ ತೆಗೆದಾದ ಮೇಲೆ ಅದು ನೀಲಿಯಾಗುತ್ತದೆ, ಬಾಕಿ ಇದ್ದರೆ ಕೆಂಪು. ಕೆಲವರು ಇದು ತೀರಾ ಸುಲಭ ಅಂತ ಬೈಯುತ್ತಾರೆ. ನನಗೆ ಹಾಗನ್ನಿಸಲ್ಲ. ಕೆಂಪು ಕೋಣೆ ನಿಮ್ಮನ್ನು ಕರೆಯುತ್ತದೆ. ಅಲ್ಲಿ ಏನೋ ಇದೆ ಅಂತ ಗೊತ್ತು, ದಾರಿಯಲ್ಲಿ ಲಿಕ್ಕರ್ ಇದೆ ಅಂತಲೂ ಗೊತ್ತು. ಹೋಗಬೇಕೋ ಬೇಡವೋ ಅಂತ ತೀರ್ಮಾನ ನಿಮ್ಮದು.

ಬಂದೂಕಿನಂಗಡಿ

ಎಲ್ಲರೂ ಕಳೆದದ್ದನ್ನೇ ಎಣಿಸುತ್ತಿದ್ದೀರಿ. ಬಂದದ್ದನ್ನೂ ಒಂದು ಹೇಳಿಬಿಡುತ್ತೇನೆ.

ಮೂಲದಲ್ಲಿ ಬಂದೂಕಿನ ಅಂಗಡಿಯ ಕೆಂಡೋ ಶುರುವಿನಲ್ಲೇ ಬರುತ್ತಾನೆ. ಎರಡು ಮಾತಾಡುತ್ತಾನೆ, ಕಿಟಕಿ ಒಡೆದು ಜೋಂಬಿಗಳು ನುಗ್ಗುತ್ತವೆ, ಸಾಯುತ್ತಾನೆ. ನೀವು ಅವನ ಆಯುಧ ಎತ್ತಿಕೊಂಡು ಹೋಗುತ್ತೀರಿ. ಮುಗಿಯಿತು.

ರೀಮೇಕ್‌ನಲ್ಲಿ ಲಿಯಾನ್ ಮತ್ತು ದಾರಿಯಲ್ಲಿ ಜೊತೆಯಾದ ಏಡಾ ಅವನ ಅಂಗಡಿಗೆ ಬರುವುದು ತಡವಾಗಿ. ಅವನು ಬಂದೂಕು ಗುರಿ ಹಿಡಿದು ನಿಲ್ಲಿಸುತ್ತಾನೆ. ಹಿಂದಿನಿಂದ ಅವನ ಪುಟ್ಟ ಮಗಳು ಎಮ್ಮಾ ಬರುತ್ತಾಳೆ, ಸೋಂಕು ತಗುಲಿದೆ, ಇನ್ನು ಹೆಚ್ಚು ಹೊತ್ತಿಲ್ಲ. ಏಡಾ ಕೈ ಪಿಸ್ತೂಲಿನ ಕಡೆ ಹೋಗುತ್ತದೆ. ಅವನು ಮಗಳನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ. ಆಮೇಲೆ ಒಳಗಿಂದ ಒಂದು ಗುಂಡಿನ ಸದ್ದು. ಇಷ್ಟು ಹೊತ್ತು ನಾನು ಆ ನಗರದಲ್ಲಿ ಕೊಂದ ಜೋಂಬಿಗಳೆಲ್ಲ ಯಾರದ್ದೋ ಮಕ್ಕಳು, ಯಾರದ್ದೋ ಅಪ್ಪಂದಿರು ಅನ್ನುವುದು ಅಲ್ಲಿಯವರೆಗೆ ತಲೆಗೆ ಬಂದಿರಲಿಲ್ಲ. ಮಾರ್ವಿನ್‌ನದೂ ಹಾಗೆಯೇ. ಮೂಲದಲ್ಲಿ ಸ್ವಲ್ಪ ಹೊತ್ತು ಬಂದು ಹೋಗುವ ಗಾಯಾಳು ಪೊಲೀಸ್, ಇಲ್ಲಿ ನಿಮಗೆ ಚಾಕು ಕೊಟ್ಟು, ಬುದ್ಧಿ ಹೇಳಿ, ಹಾಲ್‌ನಲ್ಲಿ ಸೋಫಾ ಮೇಲೆ ನಿಧಾನಕ್ಕೆ ಸಾಯುತ್ತಾನೆ. ವಾಪಸ್ ಬಂದಾಗ ಅವನು ಎದ್ದಿರುತ್ತಾನೆ ಅಂತ ಗೊತ್ತಿದ್ದರೂ ಗುಂಡು ಹಾರಿಸಲು ಕೈ ಬರುವುದಿಲ್ಲ. ಇದೂ ಭಯವೇ ಅಲ್ವಾ? ಝ್ಯಾಪಿಂಗ್ ಬೇಕಿತ್ತು ನಿಜ. ಆದರೆ ರೀಮೇಕ್‌ನ ನಿರ್ದೇಶಕರಾದ ಯಾಸುಹಿರೋ ಆಂಪೋ, ಕಾಝುನೋರಿ ಕಾಡೋಯಿ ತಂಡ ದುಡಿದ ಜಾಗ ಬೇರೆ, ಅದನ್ನು ಮೆಚ್ಚದೆ ಇರಲು ನನಗೆ ಆಗುವುದಿಲ್ಲ.

ಸ್ಥಿರಕೋನ

ಕೆಂಡೋ ದೃಶ್ಯಕ್ಕೆ ನನ್ನ ಪೂರ್ತಿ ಒಪ್ಪಿಗೆ. ಅಷ್ಟು ಚೆನ್ನಾಗಿ ಬರೆಯಬಲ್ಲವರು ಬರ್ಕಿನ್‌ನ ಹೆಂಡತಿ ಆನೆಟ್‌ಳನ್ನು ಎರಡು ಕಥೆಯಲ್ಲಿ ಎರಡು ರೀತಿ ಸಾಯಿಸಿದ್ದಾರೆ ಅನ್ನುವುದೇ ಬೇಸರ. ಆ ರಾತ್ರಿ ಏನು ನಡೆಯಿತು ಅನ್ನುವುದಕ್ಕೆ ಒಂದು ಉತ್ತರ ಇರಬೇಕು.

ಕಾರಣ ಊಹಿಸಬಹುದು. ಈಗಿನ ಗೇಮಿನಲ್ಲಿ ಒಂದೊಂದು ಕೋಣೆ, ಒಂದೊಂದು ಮುಖ ಮಾಡಲು ಹಿಡಿಯುವ ಶ್ರಮ 1998ಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಬಹಳ ಜನ ಒಂದು ಸಲ ಆಡಿ ನಿಲ್ಲಿಸುತ್ತಾರೆ, ಹಾಗಾಗಿ ಒಬ್ಬೊಬ್ಬರ ಕಥೆಯೂ ಒಂಟಿಯಾಗಿ ಪೂರ್ತಿ ಅನ್ನಿಸಬೇಕು, ಮುಖ್ಯ ಬಾಸ್‌ಗಳೆಲ್ಲ ಎರಡರಲ್ಲೂ ಇರಬೇಕು. ಆದರೆ ಲಾಕರ್ ಖಾಲಿ ಇಡುವುದಕ್ಕೆ ಎಷ್ಟು ಖರ್ಚು? ಮೊದಲ ಆಟದಲ್ಲಿ ನಾನು ಹಲಗೆ ಬಡಿದ ಕಿಟಕಿ ಎರಡನೇ ಆಟದಲ್ಲೂ ಮುಚ್ಚಿಯೇ ಇದ್ದರೆ? ಬಿಟ್ಟುಹೋದ ಗಿಡ ಅಲ್ಲೇ ಇದ್ದರೆ? ಹಲಗೆ, ಕಿಟಕಿ, ಗಿಡ ಎಲ್ಲ ಗೇಮಿನಲ್ಲಿ ಈಗಾಗಲೇ ಇವೆ. ಹೊಸ ಕೋಣೆ ಒಂದೂ ಬೇಕಿರಲಿಲ್ಲ.

ಎರಡನೇಡಿಸ್ಕ್

ಕಿಟಕಿಯ ಹಲಗೆ! ಇಷ್ಟು ದಿನ ಇದು ನನಗೆ ಹೊಳೆದೇ ಇರಲಿಲ್ಲ. ರೀಮೇಕ್‌ನದ್ದೇ ಹೊಸ ಸಾಮಾನು, ಅದನ್ನೇ ಹಳೆಯ ಯೋಚನೆಗೆ ಬಳಸಬಹುದಿತ್ತು. ಹಲಗೆ ಎಣಿಸಿದಷ್ಟೇ ಸಿಗುವುದು. ನಿಮಗಾಗಿ ಬಡಿಯುತ್ತೀರೋ, ಆಮೇಲೆ ಬರುವವಳಿಗಾಗಿ ಬಡಿಯುತ್ತೀರೋ ಅಂತ ಯೋಚಿಸಬೇಕಾಗುತ್ತಿತ್ತು.

ಈ ರೀಮೇಕ್ ಒಂದು ಕೋಟಿಗೂ ಜಾಸ್ತಿ ಪ್ರತಿ ಮಾರಾಟವಾಗಿದೆ. ಸೋತ ಗೇಮ್ ಆಗಿದ್ದರೆ ಇಷ್ಟು ಮಾತಾಡುತ್ತಲೇ ಇರಲಿಲ್ಲ. ಇಷ್ಟು ಚೆನ್ನಾಗಿರುವುದಕ್ಕೇ ಇನ್ನೊಂದು ಹೆಜ್ಜೆ ಇಡಬೇಕಿತ್ತು ಅನ್ನಿಸುವುದು.

ಹಸಿರುಗಿಡ

ಇಷ್ಟೆಲ್ಲ ಓದಿದ ಮೇಲೆ ಹಳೆಯದನ್ನು ಆಡಲೇಬೇಕು ಅನ್ನಿಸಿದೆ. ಕಂಪ್ಯೂಟರಿನಲ್ಲಿ ಸಿಗುತ್ತದಾ? ಟ್ಯಾಂಕ್ ಕಂಟ್ರೋಲ್ ತುಂಬಾ ಕಷ್ಟವಾ? ಯಾರಿಂದ ಶುರು ಮಾಡಲಿ?

ಸ್ಥಿರಕೋನ

@ಹಸಿರುಗಿಡ, ಸಿಗುತ್ತದೆ. 2024ರಲ್ಲಿ ಜಿಒಜಿ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಮೂಲ ಮೂರೂ ಗೇಮ್ ಬಂದಿವೆ, ಈಗಿನ ಕಂಪ್ಯೂಟರಿನಲ್ಲಿ ಓಡುತ್ತವೆ. ಟ್ಯಾಂಕ್ ಕಂಟ್ರೋಲ್‌ಗೆ ಒಂದು ಗಂಟೆ ಕೊಡಿ. ಮೇಲೆ ಒತ್ತಿದರೆ ಪಾತ್ರ ತನ್ನ ಮುಖ ಇರುವ ಕಡೆ ನಡೆಯುತ್ತದೆ, ಪರದೆಯ ಮೇಲಕ್ಕಲ್ಲ. ಇದೊಂದು ತಲೆಯಲ್ಲಿ ಕೂತರೆ ಕ್ಯಾಮೆರಾ ಎಷ್ಟು ಸಲ ಬದಲಾದರೂ ದಿಕ್ಕು ತಪ್ಪುವುದಿಲ್ಲ. ಕ್ಲೇರ್ ಮೊದಲು, ಲಿಯಾನ್ ಆಮೇಲೆ ಆಡಿ, ಕಥೆ ಆ ಸಾಲಿನಲ್ಲೇ ಚೆನ್ನಾಗಿ ಕೂರುತ್ತದೆ. ಮೊದಲ ಆಟ ಮುಗಿದಾಗ ಕೇಳುವ ಸೇವ್ ಮಾತ್ರ ಬಿಡಬೇಡಿ, ಲಿಯಾನ್‌ನ ಕಥೆ ಶುರುವಾಗುವುದೇ ಅದರಿಂದ. ಇನ್ನು ನೆಲಮಾಳಿಗೆಯ ಆ ಲಾಕರ್: ಸೈಡ್ ಪ್ಯಾಕನ್ನು ಲಿಯಾನ್‌ಗೆ ಬಿಡಿ. ಅವನ ದಾರಿಯಲ್ಲಿ ಮಿಸ್ಟರ್ ಎಕ್ಸ್ ಇದ್ದಾನೆ, ಶಾಟ್‌ಗನ್ ಗುಂಡು ಹಿಡಿಯಲು ಜಾಗ ಬೇಕಾಗುತ್ತದೆ.